ಮನೆಯ ಪುಸ್ತಕಗಳು ಮೊಮ್ಮಕ್ಕಳ ಕೈ ಸೇರಬೇಕಾದರೆ

ಓದುವ ಗೀಳು ಹತ್ತಿದವರ ಮನೆಗೆ ಪುಸ್ತಕ ಒಂದೊಂದಾಗಿ ಬಂದು ಸೇರುತ್ತದೆ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ರಿಯಾಯಿತಿಗೆ ಕೊಂಡದ್ದು, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಹೆಕ್ಕಿದ್ದು, ಸ್ನೇಹಿತರು ಸಹಿ ಹಾಕಿ ಕೊಟ್ಟದ್ದು, ಅಜ್ಜನ ಟ್ರಂಕಿನಿಂದ ಇಳಿದು ಬಂದದ್ದು. ಮೂವತ್ತು ನಲವತ್ತು ವರ್ಷದಲ್ಲಿ ಅದು ಸಾವಿರ ದಾಟಿರುತ್ತದೆ. ಕನ್ನಡದ ಎಷ್ಟೋ ಪುಸ್ತಕಗಳು ಒಮ್ಮೆ ಸಾವಿರ ಪ್ರತಿ ಅಚ್ಚಾಗಿ ಅಲ್ಲಿಗೇ ನಿಂತಿವೆ. ಅಂಥದ್ದೊಂದು ನಿಮ್ಮ ಕಪಾಟಿನಲ್ಲಿ ಹಾಳಾದರೆ ದುಡ್ಡು ಕೊಟ್ಟರೂ ಇನ್ನೊಂದು ಸಿಗದೆ ಹೋಗಬಹುದು. ಆದ್ದರಿಂದ ಕೊಳ್ಳುವುದರಲ್ಲಿ ಇರುವ ಅಕ್ಕರೆ ಕಾಪಾಡುವುದರಲ್ಲೂ ಇರಬೇಕು.

ಪುಸ್ತಕ ಹಾಳಾಗುವುದು ಓದಿದ್ದರಿಂದಲ್ಲ, ಮುಚ್ಚಿಟ್ಟು ಮರೆತದ್ದರಿಂದ. ತಿಂಗಳಿಗೊಮ್ಮೆ ಕೈಗೆ ಬರುವ ಪುಸ್ತಕದಲ್ಲಿ ಹುಳು ಮನೆ ಮಾಡುವುದು ಅಪರೂಪ. ಬೀಗ ಹಾಕಿದ ಬೀರುವಿನ ಕೆಳಗಿನ ಹಲಗೆಯಲ್ಲಿ ಐದು ವರ್ಷ ಅಲುಗಾಡದೆ ಕೂತ ಸಾಲಿಗೇ ಮೊದಲು ಬೂಷ್ಟು ಹಿಡಿಯುವುದು. ಮುಂದೆ ಹೇಳುವ ಕೆಲಸಗಳೆಲ್ಲ ಗಾಳಿ, ಒಣಹವೆ, ಕೈತಾಕು ಈ ಮೂರನ್ನೇ ಸುತ್ತುತ್ತವೆ.

ಮೊದಲು ಕಾಗದ ನೋಡಿ

ಶೀರ್ಷಿಕೆ ಪುಟದ ಹಿಂಬದಿ ತಿರುವಿ. ಈಚಿನ ಪುಸ್ತಕವಾದರೆ ಅಲ್ಲಿ ‘1/8 ಡೆಮಿ, 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ’ ಎಂಬಂಥ ಸಾಲು ಸಾಮಾನ್ಯವಾಗಿ ಇರುತ್ತದೆ. 1/8 ಡೆಮಿ ಎಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ, ಮ್ಯಾಪ್‌ಲಿಥೊ ಎಂದರೆ ಪುಸ್ತಕ ಮುದ್ರಣದ ಕಾಗದದ ಒಂದು ಬಗೆ. ಈ ಕಾಗದ ಗಟ್ಟಿ, ತೇವದಿಂದ ದೂರವಿಟ್ಟರೆ ಬಹಳ ಕಾಲ ಬಾಳುತ್ತದೆ. ತೊಂದರೆ ಇರುವುದು ಹಳೆಯ ಅಗ್ಗದ ಮುದ್ರಣಗಳಲ್ಲಿ. ನ್ಯೂಸ್‌ಪ್ರಿಂಟಿನಂಥ ಕಾಗದದಲ್ಲಿ ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಗೆ ಅದು ಹಳದಿಯಾಗುತ್ತದೆ, ಜೊತೆಗೆ ಆಮ್ಲ ಬಿಡುತ್ತದೆ. ಆ ಆಮ್ಲವೇ ಕಾಗದದ ನಾರನ್ನು ತುಂಡು ಮಾಡುತ್ತದೆ. ಒಮ್ಮೆ ತುಂಡಾದ ನಾರನ್ನು ಮನೆಯಲ್ಲಿ ಕೂಡಿಸುವ ದಾರಿ ಇಲ್ಲ. ಅದು ನಿಧಾನವಾಗಲಿ ಎಂದು ನೋಡಿಕೊಳ್ಳಬಹುದು, ಅಷ್ಟೇ.

ಇರುವ ಪುಸ್ತಕಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಬೆಳ್ಳಗಿದ್ದು ಪುಟ ಮೆತ್ತಗೆ ಬಾಗುವವು ಒಂದು. ಹಳದಿಯಾದರೂ ಬಾಗುವವು ಎರಡು. ಪುಟ ತಿರುವಿದರೆ ಮೂಲೆ ಹಪ್ಪಳದಂತೆ ಮುರಿದು ಮೇಜಿನ ಮೇಲೆ ಚೂರು ಉದುರಿಸುವವು ಮೂರು. ಮೂರನೆಯ ಗುಂಪನ್ನು ಹೊಲಿಸಲು, ಬೈಂಡ್ ಮಾಡಿಸಲು ಹೋಗಬೇಡಿ. ಸೂಜಿ ಚುಚ್ಚಿದ ಗೆರೆಯಲ್ಲೇ ಪುಟ ಮುರಿಯುತ್ತದೆ. ಒಗೆದು ಒಣಗಿಸಿದ, ಬಣ್ಣವಿಲ್ಲದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಳತೆಗೆ ಸರಿಯಾದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಪುಸ್ತಕವನ್ನು ಪೂರ್ತಿ ಬಿಚ್ಚದೆ ಅರ್ಧ ತೆರೆದು, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಒಂದೊಂದೇ ಪುಟದ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಓದುವುದಕ್ಕೆ ಮೂಲವನ್ನು ಮುಟ್ಟಬೇಕಾಗಿಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಚಿತ್ರಗಳು ನಿಮ್ಮ ಓದಿಗಷ್ಟೇ ಇರಲಿ.

ಕಪಾಟು

ಲೆಕ್ಕ ಹೀಗಿದೆ. ಇನ್ನೂರು ಪುಟದ ಡೆಮಿ ಪುಸ್ತಕ ಸುಮಾರು 1 ಸೆಂ.ಮೀ. ದಪ್ಪ, 230 ಗ್ರಾಂ ತೂಕ. ಮೂರಡಿ ಉದ್ದದ ಹಲಗೆಯಲ್ಲಿ ಎಂಬತ್ತು ಪುಸ್ತಕ ಕೂರುತ್ತವೆ, ಅಂದರೆ 18ರಿಂದ 20 ಕೆ.ಜಿ. ನಿಘಂಟು, ರಟ್ಟಿನ ಬೈಂಡಿನ ಸಂಪುಟಗಳಾದರೆ ಇದಕ್ಕಿಂತ ಹೆಚ್ಚು. ಐದು ಹಲಗೆಯ ಕಪಾಟು ತುಂಬಿದರೆ ನೂರು ಕೆ.ಜಿ.ಯ ಹತ್ತಿರ ಬರುತ್ತದೆ. ಈ ಭಾರಕ್ಕೆ 18 ಮಿ.ಮೀ. ಪ್ಲೈವುಡ್ ಬೇಕು. ಹಲಗೆಯ ಉದ್ದ ಎರಡೂವರೆ ಅಡಿಯೊಳಗೇ ಇದ್ದರೆ ಒಳ್ಳೆಯದು, ಮೂರಡಿ ದಾಟಿದರೆ ಎರಡು ಮೂರು ವರ್ಷಕ್ಕೆ ನಡು ಬಗ್ಗುತ್ತದೆ. ಪಾರ್ಟಿಕಲ್ ಬೋರ್ಡ್ ಅಗ್ಗ, ನೋಡಲು ಚೆಂದ, ಆದರೆ ಭಾರಕ್ಕೂ ತೇವಕ್ಕೂ ಅದು ತಡೆಯುವುದಿಲ್ಲ. ಮಳೆ ಹೆಚ್ಚಿರುವ ಊರಿನವರು ಬಡಗಿಗೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡೇ ಬೇಕೆಂದು ಮೊದಲೇ ಹೇಳಿ. ಹೊಸ ಪ್ಲೈವುಡ್ಡಿನ ಅಂಟು ಮತ್ತು ವಾರ್ನಿಷ್‌ನ ಹೊಗೆ ಕಾಗದಕ್ಕೆ ಒಳ್ಳೆಯದಲ್ಲ. ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ, ಮೂರು ನಾಲ್ಕು ವಾರ ಖಾಲಿ ಬಿಡಿ.

ಡೆಮಿ ಪುಸ್ತಕಕ್ಕೆ ಹಲಗೆಯಿಂದ ಹಲಗೆಗೆ 10 ಇಂಚು ಎತ್ತರ, 10 ಇಂಚು ಒಳ ಆಳ ಸಾಕು. ದೊಡ್ಡವಕ್ಕೆ 13 ಇಂಚಿನ ಒಂದು ಅಂತರವನ್ನು ಕೆಳಗೆ ಬಿಡಿಸಿ. ಆಳ ಹೆಚ್ಚಾದರೆ ಎರಡು ಸಾಲು ಜೋಡಿಸುವ ಆಸೆ ಬರುತ್ತದೆ. ಹಿಂದಿನ ಸಾಲು ಕಣ್ಣಿಗೂ ಬೀಳುವುದಿಲ್ಲ, ಕೈಗೂ ಸಿಗುವುದಿಲ್ಲ, ಹುಳುವಿಗೆ ಅದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿಲ್ಲ.

ಕಪಾಟು ಗೋಡೆಗೆ ಅಂಟಿರಬಾರದು. ಹಿಂದೆ ಎರಡು ಮೂರು ಇಂಚು ಸಂದು, ಕೆಳಗೆ ನೆಲದಿಂದ ಕನಿಷ್ಠ ನಾಲ್ಕು ಇಂಚು ಎತ್ತರ. ಮಲೆನಾಡು, ಕರಾವಳಿಯಲ್ಲಿ ನೈರುತ್ಯದ ಮಳೆ ಬಡಿಯುವ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆ ಬೇಡ, ಮನೆಯ ನಡುಗೋಡೆ ಆರಿಸಿ. ಬಚ್ಚಲಿನ ಗೋಡೆಯ ಇನ್ನೊಂದು ಬದಿ ಯಾವ ಊರಿನಲ್ಲೂ ಬೇಡ. ಗಾಜಿನ ಬಾಗಿಲು ಇರಬೇಕೋ ಬೇಡವೋ ಎಂಬುದಕ್ಕೆ ಊರೇ ಉತ್ತರ. ಕಲಬುರಗಿ, ರಾಯಚೂರು, ಬಳ್ಳಾರಿಯ ದೂಳಿಗೆ ಗಾಜಿನ ಬಾಗಿಲು ಬೇಕೇ ಬೇಕು. ಮಂಗಳೂರು, ಆಗುಂಬೆ ಕಡೆ ಬಿಗಿಯಾದ ಬಾಗಿಲು ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಅಲ್ಲಿ ತೆರೆದ ಕಪಾಟು, ಇಲ್ಲವೇ ಮೇಲೆ ಕೆಳಗೆ ಜಾಲರಿ ಬಿಟ್ಟ ಬಾಗಿಲು.

ಪುಸ್ತಕ ನೇರ ನಿಲ್ಲಬೇಕು. ಓರೆಯಾಗಿ ನಿಂತದ್ದರ ಬೆನ್ನು ಒಂದೇ ಮಳೆಗಾಲದಲ್ಲಿ ತಿರುಚಿಕೊಳ್ಳುತ್ತದೆ. ಒತ್ತೊತ್ತಾಗಿ ತುರುಕಿದರೂ ಕಷ್ಟ. ಎಳೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಜಗ್ಗುತ್ತೇವೆ, ಮೊದಲು ಹರಿಯುವುದು ಅದೇ ತುದಿ. ಅಕ್ಕಪಕ್ಕದ ಎರಡನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದದ್ದರ ನಡುವನ್ನು ಎರಡು ಬದಿಯಿಂದ ಹಿಡಿದು ಹೊರಗೆ ತೆಗೆಯಿರಿ. ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಇದೇ.

ತೇವದ ಲೆಕ್ಕ

ಮುನ್ನೂರು ನಾನೂರು ರೂಪಾಯಿಗೆ ಸಿಗುವ ಸಣ್ಣ ಡಿಜಿಟಲ್ ತೇವಾಂಶ ಮಾಪಕವನ್ನು ಕಪಾಟಿನೊಳಗೆ ಇಡಿ. ಅದು ತೋರಿಸುವ ತೇವಾಂಶ ಶೇಕಡಾ 45ರಿಂದ 55ರ ನಡುವೆ ಇದ್ದರೆ ಪುಸ್ತಕ ಸುಖವಾಗಿರುತ್ತದೆ. 65 ದಾಟಿ ಕೆಲವು ದಿನ ಅಲ್ಲೇ ನಿಂತರೆ ಬೂಷ್ಟಿನ ಬೀಜ ಮೊಳೆಯಲು ಶುರು. ಅದು ಎಲ್ಲಿಂದಲೋ ಬರಬೇಕಿಲ್ಲ, ಗಾಳಿಯಲ್ಲಿ ಸದಾ ಇರುತ್ತದೆ, ತೇವಕ್ಕೆ ಕಾಯುತ್ತಿರುತ್ತದೆ.

ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಕಪಾಟಿಗೆ ಹಾಕಿ ನಿಶ್ಚಿಂತರಾಗುವವರು ಬಹಳ ಮಂದಿ. ಅದರಿಂದ ಏನೂ ಆಗುವುದಿಲ್ಲ, ಏಕೆಂದರೆ ನೀರು ಇರುವುದು ಕಪಾಟಿನ ಗಾಳಿಯಲ್ಲಲ್ಲ, ಕಾಗದದಲ್ಲಿ. ಕಪಾಟಿನ ಅರ್ಧ ಘನಮೀಟರ್ ಗಾಳಿಯಲ್ಲಿ ಮಳೆಗಾಲದಲ್ಲೂ ಇರುವ ನೀರು ಹತ್ತು ಹನ್ನೆರಡು ಗ್ರಾಂ. ಆದರೆ ನೂರು ಕೆ.ಜಿ. ಪುಸ್ತಕ 50ರ ತೇವಾಂಶದಿಂದ 80ಕ್ಕೆ ಹೋದರೆ ಮೂರರಿಂದ ನಾಲ್ಕು ಕೆ.ಜಿ. ನೀರು ಹೀರಿಕೊಳ್ಳುತ್ತದೆ. ಸಿಲಿಕಾ ಜೆಲ್ ಹೆಚ್ಚೆಂದರೆ ತನ್ನ ತೂಕದ ಮೂರನೆಯ ಒಂದು ಪಾಲು ನೀರು ಹಿಡಿಯಬಲ್ಲದು. ಐದು ಗ್ರಾಂ ಪೊಟ್ಟಣ ಎಷ್ಟು ಹಿಡಿದೀತು ಎಂದು ನೀವೇ ಲೆಕ್ಕ ಹಾಕಿ.

ಹಾಗಾಗಿ ಕೆಲಸದ ಕ್ರಮ ತಿರುವುಮುರುವಾಗಬೇಕು. ಮಳೆ ಬಂದ ಮೇಲೆ ನೀರು ತೆಗೆಯುವುದಲ್ಲ, ಮಳೆಗೆ ಮೊದಲೇ ಒಣಗಿದ ಪುಸ್ತಕವನ್ನು ಮುಚ್ಚಿಡುವುದು. ಮೇ ತಿಂಗಳ ಎರಡನೆಯ ವಾರದಲ್ಲಿ, ಮುಂಗಾರುಪೂರ್ವ ಮಳೆ ಜೋರಾಗುವ ಮುನ್ನ, ಪುಸ್ತಕಗಳನ್ನು ಹೊರತೆಗೆದು ಫ್ಯಾನಿನ ಕೆಳಗೆ ನೆರಳಲ್ಲಿ ಎರಡು ದಿನ ಹರಡಿ. ಮಾಪಕ 55ರೊಳಗೆ ತೋರಿಸುವ ಒಣದಿನ ನೋಡಿ ಮತ್ತೆ ಜೋಡಿಸಿ. ಬಿಗಿಯಾದ ಬಾಗಿಲಿನ ಬೀರುವಾದರೆ ಒಂದು ಕೆ.ಜಿ. ಸಿಲಿಕಾ ಜೆಲ್ಲನ್ನು ತೆಳು ಬಟ್ಟೆಯ ನಾಲ್ಕು ಚೀಲ ಮಾಡಿ, ಹಲಗೆಗೊಂದರಂತೆ ಇಡಿ. ಬಣ್ಣ ಬದಲಾಗುವ ಬಗೆಯದ್ದನ್ನೇ ಕೊಳ್ಳಿ. ಕಿತ್ತಳೆಯದ್ದು ನೀರು ಕುಡಿದಾಗ ಹಸಿರಾಗುತ್ತದೆ. ಆಗ ಬಟ್ಟೆಯಿಂದ ಸುರಿದು ಒವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿಯಿಂದ ಗುಲಾಬಿಯಾಗುವ ಬಗೆಯಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ತೆರೆದ ಕಪಾಟಿಗೆ ಜೆಲ್ ದಂಡ. ಅಲ್ಲಿ ಫ್ಯಾನ್ ಇಲ್ಲವೇ ಕೋಣೆಗೆ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರ.

ಹಳೆಯ ಮನೆಗಳಲ್ಲಿ ಬೀರುವಿನ ತಳದಲ್ಲಿ ಒಂದು ಸಣ್ಣ ಬಲ್ಬ್ ಉರಿಸಿಡುವ ರೂಢಿ ಇತ್ತು. ಅದರ ಹಿಂದೆ ಗಟ್ಟಿಯಾದ ವಿಚಾರವಿದೆ. ಒಳಗಿನ ಉಷ್ಣತೆ 25ರಿಂದ 30 ಡಿಗ್ರಿಗೆ ಏರಿದರೆ, ನೀರು ಅಷ್ಟೇ ಇದ್ದರೂ 90 ಇದ್ದ ತೇವಾಂಶ 67ರ ಹತ್ತಿರಕ್ಕೆ ಇಳಿಯುತ್ತದೆ. ಈಗ ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿ ‘ಪ್ರಯೋಜನವಿಲ್ಲ’ ಎನ್ನುತ್ತಾರೆ. ಎಲ್‌ಇಡಿ ಕಾವು ಕೊಡುವುದೇ ಇಲ್ಲವೆನ್ನುವಷ್ಟು ಕಡಿಮೆ. 15 ವ್ಯಾಟಿನ ತಂತಿ ಬಲ್ಬ್ ಸಿಕ್ಕರೆ, ಸುತ್ತ ಕಬ್ಬಿಣದ ಜಾಲರಿ ಹಾಕಿ, ಯಾವ ಪುಸ್ತಕವೂ ಒಂದಡಿಯೊಳಗೆ ಇರದಂತೆ ನೋಡಿಕೊಂಡು, ಮನೆಯಲ್ಲಿ ಜನ ಎಚ್ಚರವಿರುವಾಗ ಮಾತ್ರ ಉರಿಸಿ. ಇಷ್ಟು ಜಾಗ ಬಿಡಲಾಗದಿದ್ದರೆ ಈ ದಾರಿಯನ್ನೇ ಕೈಬಿಡಿ. ಪುಸ್ತಕಕ್ಕೆ ಬೂಷ್ಟಿಗಿಂತ ಬೆಂಕಿ ದೊಡ್ಡ ಶತ್ರು.

ಬೂಷ್ಟು ಕಂಡೇಬಿಟ್ಟರೆ ಒರೆಸಲು ಓಡಬೇಡಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಬಟ್ಟೆಯ ಜೊತೆ ಉಳಿದ ಪುಟಕ್ಕೂ ಹರಡುತ್ತದೆ, ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ಆ ಪುಸ್ತಕಗಳನ್ನು ಬೇರೆ ಕೋಣೆಗೆ ಒಯ್ದು, ಪುಟ ಬಿಡಿಸಿ ನಿಲ್ಲಿಸಿ, ಫ್ಯಾನಿನ ಗಾಳಿ ನೇರ ಬಡಿಯದಂತೆ ಎರಡು ಮೂರು ದಿನ ಒಣಗಿಸಿ. ಬೂಷ್ಟು ಪುಡಿಯಂತಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಜಗುಲಿಯಲ್ಲೋ ಅಂಗಳದಲ್ಲೋ ಮೆತ್ತನೆಯ ಬ್ರಷ್‌ನಿಂದ ನಿಮ್ಮಿಂದ ಆಚೆ ಕಡೆಗೆ ಗುಡಿಸಿ. ಆಸ್ತಮಾ ಇದ್ದವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಲ್ಯಾಮಿನೇಟ್ ಆದ ರಕ್ಷಾಪುಟವನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿದ ಹತ್ತಿಯಿಂದ ಒರೆಸಬಹುದು. ಒಳಪುಟ, ಸಹಿ, ಬಟ್ಟೆಯ ಬೈಂಡಿಗೆ ಅದು ತಾಗಬಾರದು, ಬಣ್ಣ ಹರಡುತ್ತದೆ. ಕಪಾಟಿನ ಹಲಗೆಯನ್ನೂ ಅದೇ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸದೆ ಪುಸ್ತಕ ವಾಪಸ್ ಇಡಬೇಡಿ. ಸುಡುಬಿಸಿಲಿಗೆ ಒಡ್ಡುವುದು ಮಾತ್ರ ಬೇಡ. ಬಿಸಿಲು ಬೂಷ್ಟಿನ ಜೊತೆ ಕಾಗದವನ್ನೂ ಸುಡುತ್ತದೆ, ರಟ್ಟು ದೋಣಿಯಂತೆ ಬಾಗುತ್ತದೆ.

ನವರಾತ್ರಿಯ ಸಫಾಯಿ

ಎರಡನೆಯ ಸುತ್ತಿಗೆ ನವರಾತ್ರಿಯಷ್ಟು ಹೊಂದುವ ಹೊತ್ತು ಬೇರೆ ಇಲ್ಲ. ಮುಂಗಾರಿನ ಅಬ್ಬರ ಬಹುಮಟ್ಟಿಗೆ ಇಳಿದಿರುತ್ತದೆ, ಸರಸ್ವತಿ ಪೂಜೆಗೆ ಪುಸ್ತಕ ಹೇಗೂ ಕೆಳಗಿಳಿಯುತ್ತದೆ. ನಾಲ್ಕು ಪುಸ್ತಕ ಇಳಿಸುವ ಬದಲು ಎಲ್ಲವನ್ನೂ ಇಳಿಸಿ. ಬಣ್ಣ ಬಳಿಯುವ ಎರಡಿಂಚಿನ ಹೊಸ ಬ್ರಷ್, ಒಂದು ಒಣ ಹತ್ತಿ ಬಟ್ಟೆ, ಇಷ್ಟು ಸಾಕು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೇಲಂಚಿನ ದೂಳನ್ನು ಬೆನ್ನಿನ ಕಡೆಯಿಂದ ಹೊರಗಿನ ಅಂಚಿನ ಕಡೆಗೆ ಗುಡಿಸಿ. ಸಡಿಲ ಹಿಡಿದರೆ ದೂಳು ಪುಟಗಳ ನಡುವೆ ಇಳಿಯುತ್ತದೆ. ಎರಡು ಪುಸ್ತಕವನ್ನು ಚಪ್ಪಾಳೆಯಂತೆ ಬಡಿಯುವುದು ಬೆನ್ನಿನ ಅಂಟಿಗೆ ಪೆಟ್ಟು. ಒದ್ದೆ ಬಟ್ಟೆ ಬೇಡವೇ ಬೇಡ. ಆಮೇಲೆ ಪ್ರತಿ ಪುಸ್ತಕವನ್ನೂ ಹೆಬ್ಬೆರಳಿನಿಂದ ಸರ್ರನೆ ಒಮ್ಮೆ ಪುಟ ಹಾಯಿಸಿ. ಹುಳು, ತೂತು, ಒಳಗೆ ಮರೆತ ಬಸ್ ಟಿಕೆಟ್ಟು, ಪತ್ರಿಕೆಯ ಕತ್ತರಿಕೆ ಎಲ್ಲ ಆಗಲೇ ಕಾಣುವುದು. ಕತ್ತರಿಕೆಗಳನ್ನು ತೆಗೆದು ಬೇರೆ ಲಕೋಟೆಯಲ್ಲಿ ಇಡಿ, ಅವು ಇದ್ದ ಪುಟದ ಮೇಲೆ ತಮ್ಮದೇ ಆಕಾರದ ಕಂದು ಕಲೆ ಬಿಡುತ್ತವೆ. ಒಣಗಿದ ಹೂವು, ಬಿಲ್ವಪತ್ರೆಯೂ ಹಾಗೇ. ಮರಿ ಹಾಕಲಿ ಎಂದು ಬಾಲ್ಯದಲ್ಲಿ ಇಟ್ಟ ನವಿಲುಗರಿ ಸಿಕ್ಕರೆ, ಬಿಳಿ ಕಾಗದದಲ್ಲಿ ಮಡಿಸಿ ಜೋಪಾನ ಮಾಡಿ, ಪುಟದ ನಡುವೆ ಮಾತ್ರ ಬೇಡ. ಗರಿಯನ್ನು ತಿನ್ನುವ ಹುಳುವೂ ಇದೆ.

ಪೂಜೆಯ ದಿನ ಅರಿಸಿನ ಕುಂಕುಮವನ್ನು ಪುಸ್ತಕದ ಬೆನ್ನಿಗೆ ಹಚ್ಚುವ ಬದಲು ಮೇಲೊಂದು ಬಿಳಿ ಹಾಳೆ ಹೊದಿಸಿ ಅದಕ್ಕೆ ಹಚ್ಚಿ. ಬಟ್ಟೆಯ ಬೈಂಡಿಗೆ ಹತ್ತಿದ ಅರಿಸಿನ ಹೋಗುವುದಿಲ್ಲ.

ಹುಳುಗಳು: ಯಾವುದೆಂದು ಗುರುತು ಹಿಡಿದೇ ಮದ್ದು

ರಕ್ಷಾಪುಟದ ಮೇಲ್ಮೈ, ಲೇಬಲ್ಲು, ಅಂಟಿನ ಗೆರೆ ಅಡ್ಡಾದಿಡ್ಡಿ ಕೆರೆದಂತೆ ತೆಳುವಾಗಿದ್ದರೆ ಅದು ಸಿಲ್ವರ್‌ಫಿಶ್. ಗಂಜಿ, ಅಂಟು ಅದರ ಆಹಾರ, ಕತ್ತಲು ಮತ್ತು ತೇವ ಅದರ ಮನೆ. ಒಂದು ಗಾಜಿನ ಬಾಟಲಿಯ ಹೊರಮೈಗೆ ಕಾಗದದ ಟೇಪ್ ಸುತ್ತಿ, ಒಳಗೆ ಒಂದು ಚಮಚ ಮೈದಾ ಹಾಕಿ ರಾತ್ರಿ ಕಪಾಟಿನ ಮೂಲೆಯಲ್ಲಿಡಿ. ಟೇಪ್ ಹಿಡಿದು ಹತ್ತಿ ಒಳಗೆ ಬಿದ್ದದ್ದು ನುಣುಪು ಗಾಜನ್ನು ಹತ್ತಿ ಹೊರಬರಲಾರದು. ಎಷ್ಟು ಬಿದ್ದವು ಎಂಬುದೇ ನಿಮ್ಮ ಕಪಾಟಿನ ತೇವದ ಸುದ್ದಿ ಹೇಳುತ್ತದೆ.

ಪುಟದ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ ಸರಸರ ಓಡಿದರೆ ಪುಸ್ತಕದ ಹೇನು. ಅದು ಕಾಗದ ತಿನ್ನುವುದಿಲ್ಲ, ಕಣ್ಣಿಗೆ ಕಾಣದ ಬೂಷ್ಟನ್ನು ಮೇಯುತ್ತದೆ. ಒಣಗಿಸಿ, ಹೋಗುತ್ತದೆ.

ದುಂಡನೆಯ ಸಣ್ಣ ತೂತು ಒಂದು ಪುಟದಿಂದ ನೂರು ಪುಟದಾಚೆಗೆ ಸುರಂಗದಂತೆ ಹೋಗಿದ್ದು, ಹಲಗೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಜೀರುಂಡೆ ಜಾತಿಯ ಹುಳುವಿನ ಮರಿ ಒಳಗಿದೆ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಖಚಿತ ಉಪಾಯ ಚಳಿ. ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಭದ್ರವಾಗಿ ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಬಹಳ ಸಲ ಅಷ್ಟು ಚಳಿ ಇರುವುದಿಲ್ಲ, ಥರ್ಮಾಮೀಟರ್ ಇಟ್ಟು ನೋಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ, ಹುಳು ಹೋಗಿ ಬೂಷ್ಟು ಬರುತ್ತದೆ.

ಗೆದ್ದಲಿನದು ಬೇರೆ ಕಥೆ. ಕರಾವಳಿಯ ಕಡೆ ಒರಲೆ ಎನ್ನುತ್ತಾರೆ. ಹೊರಗಿನ ರಟ್ಟು ನೆಟ್ಟಗಿರುತ್ತದೆ, ತೆರೆದರೆ ಒಳಗೆ ಬರೀ ಮಣ್ಣು. ಅದು ಬಂದಿರುವುದು ನೆಲದಿಂದ, ಗೋಡೆಯ ಮೇಲಿನ ಮಣ್ಣಿನ ಗೆರೆಯಿಂದ. ಪುಸ್ತಕಕ್ಕೆ ಔಷಧಿ ಹೊಡೆದರೆ ಪುಸ್ತಕವೂ ಹಾಳು, ಗೂಡೂ ಉಳಿಯಿತು. ಎಲ್ಲವನ್ನೂ ತೆಗೆದು ಕೊಡವಿ, ಗೆರೆಯ ಜಾಡು ಹಿಡಿದು, ನೆಲ ಗೋಡೆ ಸೇರುವಲ್ಲಿ ತೂತು ಕೊರೆದು ಗೆದ್ದಲಿನ ಔಷಧಿ ಇಳಿಸುವವರನ್ನು ಕರೆಸಿ. ಗೋಡೆಯಿಂದ ಎರಡು ಮೂರು ಇಂಚು ಸಂದು ಬಿಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಹೌದು. ಮಣ್ಣಿನ ಗೆರೆ ದಾಟಿ ಬರುವುದು ಕಣ್ಣಿಗೆ ಬೀಳುತ್ತದೆ.

ನುಸಿಗುಳಿಗೆ, ಉತ್ತರದ ಕಡೆಯ ಡಾಂಬರು ಗುಳಿಗೆ, ಹುಳುವನ್ನು ಸ್ವಲ್ಪ ದೂರ ಇಡುತ್ತದೆಯೇ ಹೊರತು ಸುರಂಗದೊಳಗಿನದನ್ನು ಕೊಲ್ಲುವುದಿಲ್ಲ. ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಕೆಲವು ಎಳೆಯ ಮಕ್ಕಳಲ್ಲಿ ರಕ್ತಕಣಗಳನ್ನೇ ಒಡೆಯುತ್ತದೆ. ಮಲಗುವ ಕೋಣೆಯ ಕಪಾಟಿಗಂತೂ ಬೇಡ. ಬೇವಿನೆಲೆ, ಬಜೆಯ ತುಂಡು ಹಿರಿಯರಿಂದ ಬಂದವು. ಗರಿಗರಿಯಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಪ್ರತಿ ಆರು ತಿಂಗಳಿಗೆ ಬದಲಿಸಿದರೆ ತಕ್ಕಮಟ್ಟಿಗೆ ಉಪಯೋಗ. ಅರೆಬರೆ ಒಣಗಿದ ಎಲೆಯನ್ನು ಪುಟದ ನಡುವೆ ಇಟ್ಟರೆ ಕಲೆ ಬೀಳುವುದು ಖಂಡಿತ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅದು ತಾಳೆಗರಿಗೆ. ಕಾಗದಕ್ಕೆ ಎಣ್ಣೆ ತಾಗಿದರೆ ಅಲ್ಲೇ ಹೀರಿಕೊಂಡು ಕಲೆಯಾಗಿ ನಿಲ್ಲುತ್ತದೆ.

ನೆನೆದ ಪುಸ್ತಕಕ್ಕೆ 48 ಗಂಟೆ

ಸೂರು ಸೋರಿ, ಕೊಳವೆ ಒಡೆದು ಪುಸ್ತಕ ನೆನೆದರೆ ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಮಾಡಬೇಕಾದ ಕ್ರಮ:

1. ತೊಟ್ಟಿಕ್ಕುವಷ್ಟು ನೆನೆದದ್ದನ್ನು ತೆರೆಯಬೇಡಿ. ಮುಚ್ಚಿದಂತೆಯೇ ಎರಡು ಅಂಗೈ ನಡುವೆ ಮೆಲ್ಲಗೆ ಒತ್ತಿ ನೀರು ಇಳಿಸಿ.
2. ಹೊಳಪು ಕಾಗದದ ಚಿತ್ರಪುಸ್ತಕವಿದ್ದರೆ ಅದಕ್ಕೇ ಮೊದಲ ಆದ್ಯತೆ. ಒಣಗುತ್ತಾ ಪುಟಗಳು ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ, ಆಮೇಲೆ ಬಿಡಿಸಲಾಗದು. ಪ್ರತಿ ಪುಟದ ನಡುವೆ ಬೆಣ್ಣೆಕಾಗದ ಇಡಿ. ಸಮಯವಿಲ್ಲದಿದ್ದರೆ ಚೀಲದಲ್ಲಿ ಹಾಕಿ ನೇರ ಫ್ರೀಜರಿಗೆ.
3. ಉಳಿದವಕ್ಕೆ ಹತ್ತಿಪ್ಪತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಅಥವಾ ಅಡುಗೆಮನೆಯ ಟಿಶ್ಯೂ ಇಟ್ಟು, ಗಂಟೆಗೊಮ್ಮೆ ಬದಲಿಸಿ. ದಿನಪತ್ರಿಕೆಯ ಮಸಿ ಒದ್ದೆ ಪುಟಕ್ಕೆ ಹತ್ತುತ್ತದೆ. ತೀರಾ ಹೆಚ್ಚು ಹಾಳೆ ತುರುಕಿದರೆ ಬೆನ್ನು ಸೀಳುತ್ತದೆ.
4. ಒದ್ದೆ ಆರಿ ತಂಪು ಮಾತ್ರ ಉಳಿದಾಗ, ಪುಟ ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಫ್ಯಾನ್ ಹಾಕಿ.
5. ಪೂರ್ತಿ ಒಣಗುವ ಸ್ವಲ್ಪ ಮೊದಲು ಮುಚ್ಚಿ, ಎರಡು ಹಲಗೆಯ ನಡುವೆ ನಾಲ್ಕೈದು ಕೆ.ಜಿ. ಭಾರ ಹೇರಿ ಎರಡು ದಿನ ಬಿಡಿ. ಸುಕ್ಕು ಪೂರ್ತಿ ಹೋಗದು, ಆದರೆ ಪುಸ್ತಕ ಮುಚ್ಚುವ ಹಾಗಾಗುತ್ತದೆ.

ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಬೇಡ. ಹೊರಪದರ ಮೊದಲು ಒಣಗಿ ಪುಟ ಅಲೆಅಲೆಯಾಗಿ ಹಾಗೇ ನಿಲ್ಲುತ್ತದೆ.

ಹರಿದ ಪುಟಕ್ಕೆ ಗೋಧಿಯ ಅಂಟು

ಸೆಲ್ಲೊಟೇಪ್ ಹಚ್ಚಿದ ಹಳೆಯ ಪುಸ್ತಕವನ್ನು ತೆರೆದು ನೋಡಿ. ಟೇಪಿನ ಪ್ಲಾಸ್ಟಿಕ್ ಎಲ್ಲೋ ಉದುರಿ ಹೋಗಿದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಜೇನಿನ ಬಣ್ಣದ ಪಟ್ಟಿಯಾಗಿದೆ. ಆ ಕಲೆ ಪರಿಣತರ ಕೈಗೂ ಸುಲಭಕ್ಕೆ ಬಗ್ಗದು. ಮರದ ಕೆಲಸದ ಬಿಳಿ ಅಂಟು ಒಣಗಿದ ಮೇಲೆ ಬಿರುಸಾಗುತ್ತದೆ, ಬಿಡಿಸಬೇಕೆಂದರೆ ಬಿಡದು. ಪುಟಕ್ಕೆ ಬೇಕಾದ್ದು ನೀರು ತಾಗಿಸಿದರೆ ಮತ್ತೆ ಬಿಟ್ಟುಕೊಡುವ ಅಂಟು, ಅಂದರೆ ಗೋಧಿಯ ಗಂಜಿ. ಇದರ ಮೂಲವಸ್ತು ನಮ್ಮ ಅಡುಗೆಮನೆಗೆ ಹೊಸದೇನಲ್ಲ, ಹಲ್ವಕ್ಕೆ ತೆಗೆಯುವ ಗೋಧಿ ಹಾಲೇ ಅದು.

ಒಂದು ಬಟ್ಟಲು ಮೈದಾವನ್ನು ಚಪಾತಿ ಹದಕ್ಕೆ ಕಲಸಿ ಅರ್ಧ ಗಂಟೆ ಬಿಡಿ. ಆ ಮುದ್ದೆಯನ್ನು ಪಾತ್ರೆಯ ನೀರಿನಲ್ಲಿ ಹಿಸುಕುತ್ತಾ ಹೋಗಿ. ನೀರು ಹಾಲಿನಂತಾಗುತ್ತದೆ, ಕೈಯಲ್ಲಿ ಕೊನೆಗೆ ರಬ್ಬರಿನಂಥ ಗಂಟು ಉಳಿಯುತ್ತದೆ. ಆ ಗಂಟು ಗ್ಲೂಟೆನ್, ಅದು ಬೇಡ. ಅದು ಉಳಿದ ಅಂಟು ಹಳದಿಯಾಗುತ್ತದೆ, ಹುಳುವಿಗೂ ರುಚಿ. ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಚೆಲ್ಲಿದರೆ ತಳದಲ್ಲಿ ಬಿಳಿ ಪಿಷ್ಟ ಗಟ್ಟಿಯಾಗಿ ಕೂತಿರುತ್ತದೆ. ಅದರಲ್ಲಿ ಒಂದು ದೊಡ್ಡ ಚಮಚಕ್ಕೆ ನಾಲ್ಕು ಚಮಚ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಹದಿನೈದು ಇಪ್ಪತ್ತು ನಿಮಿಷ ತಿರುವಿ. ಮೊದಲು ಬೆಳ್ಳಗೆ ಗಟ್ಟಿಯಾಗಿ, ಆಮೇಲೆ ಮಬ್ಬುಗಾಜಿನಂತೆ ಪಾರದರ್ಶಕವಾಗುತ್ತದೆ. ಬೆಳ್ಳಗಿರುವಾಗಲೇ ಇಳಿಸಿದರೆ ಅಂಟು ಹಿಡಿಯುವುದಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ ಗಂಟು ತೆಗೆದು, ನೀರು ಬೆರೆಸಿ ಹಾಲಿನ ಕೆನೆಯ ಹದಕ್ಕೆ ತನ್ನಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಬೈಂಡಿಂಗ್ ಅಂಗಡಿಗಳಲ್ಲಿ ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಕಾಗದಕ್ಕೂ ಹಿತವಲ್ಲ, ಮನೆಯ ಅಂಟಿಗೆ ಹಾಕಬೇಡಿ.

ಹಚ್ಚಲು ಜಪಾನೀ ಟಿಶ್ಯೂ ಎಂಬ ತೆಳು ಕಾಗದ ಬೇಕು, 9ರಿಂದ 12 ಜಿಎಸ್‌ಎಂನದ್ದು. ಚಿತ್ರಕಲೆಯ ಸಾಮಾನಿನ ಅಂಗಡಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತದೆ. ಹರುಕಿಗಿಂತ ಸ್ವಲ್ಪ ಅಗಲದ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಬೇಡಿ, ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಕೈಯಿಂದ ಹರಿಯಿರಿ. ಅಂಚಿನಲ್ಲಿ ನಾರು ಕೂದಲಿನಂತೆ ಚಾಚಿಕೊಳ್ಳುತ್ತದೆ, ಪುಟವನ್ನು ಹಿಡಿಯುವುದು ಆ ನಾರೇ. ಹರಿದ ಅಂಚುಗಳನ್ನು ಅಕ್ಷರಕ್ಕೆ ಅಕ್ಷರ ಕೂಡುವಂತೆ ಹೊಂದಿಸಿ, ಪಟ್ಟಿಗೆ ತೆಳ್ಳಗೆ ಅಂಟು ಸವರಿ ಮೇಲೆ ಇಡಿ. ಕೆಳಗೂ ಮೇಲೂ ಬೆಣ್ಣೆಕಾಗದ, ಅದರ ಮೇಲೆ ಬಿಳಿ ಹಾಳೆ, ಎರಡು ಕೆ.ಜಿ. ಭಾರ. ಹತ್ತು ನಿಮಿಷದ ಮೇಲೆ ಬಿಳಿ ಹಾಳೆ ಬದಲಿಸಿ ಒಂದು ರಾತ್ರಿ ಬಿಡಿ. ಅಂಟು ಹೆಚ್ಚಾದರೆ ಪುಟ ಸುಕ್ಕಾಗುತ್ತದೆ, ಎಲ್ಲರ ಮೊದಲ ತಪ್ಪು ಇದೇ. ಬೆಲೆಯಿಲ್ಲದ ಹಳೆ ಪತ್ರಿಕೆಯ ಮೇಲೆ ಹತ್ತು ಸಲ ಕೈ ಪಳಗಿಸಿ ಆಮೇಲೆ ಪುಸ್ತಕ ಮುಟ್ಟಿ.

ಕಳಚಿದ ಒಂಟಿ ಪುಟಕ್ಕೆ ಒಳ ಅಂಚಿನಲ್ಲಿ 3 ಮಿ.ಮೀ. ಅಗಲದ ಅಂಟಿನ ಗೆರೆ ಸಾಕು.

ಬೈಂಡರ್ ಹತ್ತಿರ ಹೋಗುವಾಗ

ಹೆಚ್ಚಿನ ಬೈಂಡರುಗಳು ಕೇಳದೆ ಮಾಡುವ ಕೆಲಸ ಎರಡು. ಮೂರು ಅಂಚನ್ನೂ ಕತ್ತರಿಸಿ ನುಣುಪು ಮಾಡುವುದು, ಬೆನ್ನಿನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ತೂತು ಹಾಕಿ ಬಿಗಿಯುವುದು. ಮೊದಲನೆಯದರಲ್ಲಿ ಅಂಚಿನ ಟಿಪ್ಪಣಿಗಳೂ ಪುಟಸಂಖ್ಯೆಯೂ ಹೋಗುತ್ತವೆ. ಎರಡನೆಯದರಲ್ಲಿ ಒಳ ಅಂಚು ಅರ್ಧ ಇಂಚು ನುಂಗಿಹೋಗಿ ಪುಸ್ತಕ ಬಲವಂತವಾಗಿ ಬಿಡಿಸದೆ ಓದಲಾಗದು. ಕೊಡುವ ಮೊದಲೇ ಚೀಟಿಯಲ್ಲಿ ಬರೆದು ಪುಸ್ತಕಕ್ಕೆ ಸಿಕ್ಕಿಸಿ: ‘ಅಂಚು ಕತ್ತರಿಸಬಾರದು. ಫಾರಂ ಹೊಲಿಗೆ. ಮೂಲ ರಕ್ಷಾಪುಟ ಒಳಗೆ ಉಳಿಯಬೇಕು.’ ಫಾರಂ ಎಂದರೆ ಒಂದೇ ಹಾಳೆಯನ್ನು ಮಡಿಸಿ ಮಾಡಿದ ಹದಿನಾರು ಪುಟದ ಕಂತೆ, ಆ ಮಡಿಕೆಗಳು ಗಟ್ಟಿಯಿರುವ ಹಳೆಯ ಪುಸ್ತಕಕ್ಕೆ ಮಡಿಕೆಯಲ್ಲೇ ಹೊಲಿಯುವ ಫಾರಂ ಹೊಲಿಗೆ ಸಾಧ್ಯ. ಬರೀ ಅಂಟಿನ ಪರ್ಫೆಕ್ಟ್ ಬೈಂಡಿನ ಪುಸ್ತಕದಲ್ಲಿ ಮಡಿಕೆಯೇ ಇಲ್ಲ, ಅದಕ್ಕೆ ಒಣಗಿದ ಮೇಲೂ ಬಾಗುವ, ಬೈಂಡಿಂಗಿನ ಪಿವಿಎ ಅಂಟನ್ನು ಪುಟ ಬೀಸಣಿಗೆಯಂತೆ ಎರಡೂ ಕಡೆ ಬಾಗಿಸಿ ಹಚ್ಚಿಸಿ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ಹಿಂಬದಿಯ ಕಾಲುಗಳನ್ನು ತೆಳು ಅಲಗಿನಿಂದ ನಿಮಿರಿಸಿ ಆಮೇಲೆ ತೆಗೆಯಲು ಹೇಳಿ.

ಹೊದಿಕೆಗೆ ದಿನಪತ್ರಿಕೆ ಬೇಡ, ಶಾಲೆಯ ಖಾಕಿ ಕಾಗದವೂ ಬಹಳ ವರ್ಷಕ್ಕೆ ಒಳ್ಳೆಯದಲ್ಲ, ಎರಡರಲ್ಲೂ ಆಮ್ಲವಿದೆ. ಪಿವಿಸಿ ಹಾಳೆ ಕಾವಿಗೆ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಕೊಳ್ಳಿ. ಡೆಮಿ ಪುಸ್ತಕಕ್ಕೆ ಉದ್ದ 16 ಇಂಚು ಮತ್ತು ಬೆನ್ನಿನ ದಪ್ಪ, ಎತ್ತರ 8.5 ಇಂಚು. ಎರಡು ಬದಿಗೆ ಎರಡೂವರೆ ಇಂಚು ಒಳಮಡಿಕೆ ಬರುತ್ತದೆ, ಅಂಟು ಬೇಕಿಲ್ಲ.

ಪಟ್ಟಿ, ಎರವಲು, ಮನೆ ಬದಲಾವಣೆ

ಪಟ್ಟಿ ಇಲ್ಲದ ಸಂಗ್ರಹದಲ್ಲಿ ಒಂದೇ ಪುಸ್ತಕ ಎರಡು ಸಲ ಕೊಳ್ಳುವುದು, ಕೊಟ್ಟದ್ದು ಮರೆಯುವುದು ತಪ್ಪದು. ಸ್ಪ್ರೆಡ್‌ಶೀಟ್ ಆದರೂ ಸರಿ, ಉದ್ದ ನೋಟ್‌ಬುಕ್ ಆದರೂ ಸರಿ. ಕ್ರಮಸಂಖ್ಯೆ, ಹೆಸರು, ಲೇಖಕರು, ಪ್ರಕಾಶಕರು ಮತ್ತು ಊರು, ವರ್ಷ, ಎಷ್ಟನೆಯ ಮುದ್ರಣ, ಪುಟ, ಯಾವ ಹಲಗೆ, ಎಲ್ಲಿಂದ ಬಂತು. ಮೊಬೈಲಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಆ್ಯಪುಗಳು ಕನ್ನಡಕ್ಕೆ ಅಷ್ಟಾಗಿ ಒದಗುವುದಿಲ್ಲ, ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಸಂಖ್ಯೆಯೇ ಇರದು. ಕೈಯಲ್ಲೇ ತುಂಬಿಸಬೇಕು. ದಿನಕ್ಕೆ ಇಪ್ಪತ್ತರಂತೆ ಮಾಡಿದರೆ ಸಾವಿರ ಪುಸ್ತಕ ಐವತ್ತು ದಿನ.

ಕನ್ನಡದಲ್ಲಿ ನಿಜವಾದ ತೊಡಕು ಲೇಖಕರ ಹೆಸರಿನದು. ‘ಶ್ರೀನಿವಾಸ’ ಎಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್, ‘ಅಂಬಿಕಾತನಯದತ್ತ’ ಎಂದರೆ ದ.ರಾ. ಬೇಂದ್ರೆ, ‘ಶ್ರೀರಂಗ’ ಎಂದರೆ ಆದ್ಯ ರಂಗಾಚಾರ್ಯ. ಊರು, ತಂದೆಯ ಹೆಸರಿನ ಮೊದಲಕ್ಷರಗಳು ಬೇರೆ. ಒಬ್ಬರಿಗೆ ಒಂದೇ ರೂಪ ಎಂದು ನಿಶ್ಚಯಿಸಿ: ಜನ ಕರೆಯುವ ಹೆಸರು ಮೊದಲು, ಅಡ್ಡಗೆರೆ, ಆಮೇಲೆ ಉಳಿದದ್ದು. ‘ಬೇಂದ್ರೆ – ದ.ರಾ.’, ‘ಮಾಸ್ತಿ – ವೆಂಕಟೇಶ ಅಯ್ಯಂಗಾರ್’. ಇನಿಷಿಯಲ್ ನಡುವೆ ಒಮ್ಮೆ ಚುಕ್ಕಿ, ಒಮ್ಮೆ ಖಾಲಿ ಜಾಗ ಬಿಟ್ಟರೆ ಕಂಪ್ಯೂಟರು ಅವರನ್ನು ಇಬ್ಬರೆಂದೇ ಎಣಿಸುತ್ತದೆ. ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814ರ ಕೆಳಗೆ ಬರುತ್ತದೆ, ಆದರೆ ಎರಡು ಸಾವಿರದೊಳಗಿನ ಮನೆಸಂಗ್ರಹಕ್ಕೆ ಅದು ಭಾರ. ಕಥೆ, ಕಾದಂಬರಿ, ಕಾವ್ಯ, ನಾಟಕ, ವಿಮರ್ಶೆ, ಇತರೆ ಎಂದು ವಿಂಗಡಿಸಿ ಒಳಗೆ ಲೇಖಕರ ಅಕಾರಾದಿ ಸಾಕು. ಸಂಖ್ಯೆಯನ್ನು ಪುಸ್ತಕದ ಹಿಂದಿನ ಒಳರಟ್ಟಿನ ಮೇಲೆ 2ಬಿ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನು, ರಬ್ಬರ್ ಸ್ಟ್ಯಾಂಪ್, ಬೆನ್ನಿಗೆ ಗೋಂದಿನ ಚೀಟಿ ಬೇಡ.

ಎರವಲು ಕೊಡಿ, ಕೊಡದೆ ಇರಬೇಡಿ. ಆದರೆ ಕೊಡುವ ಮುನ್ನ ರಕ್ಷಾಪುಟವನ್ನೂ ಒಯ್ಯುವವರನ್ನೂ ಒಂದೇ ಫೋಟೊದಲ್ಲಿ ತೆಗೆಯಿರಿ. ದಿನಾಂಕ ತಾನಾಗಿಯೇ ದಾಖಲಾಗುತ್ತದೆ, ಕೇಳುವಾಗ ಮುಜುಗರವೂ ಇಲ್ಲ. ಮರುಮುದ್ರಣವಿಲ್ಲದ, ಮೂರನೆಯ ಗುಂಪಿನ ಪುಸ್ತಕಗಳನ್ನು ಮನೆಯಲ್ಲೇ ಕೂತು ಓದಲು ಕರೆಯಿರಿ, ಕಾಫಿ ಕೊಡಿ.

ಮನೆ ಬದಲಿಸುವಾಗ ದೊಡ್ಡ ಡಬ್ಬದ ಆಸೆ ಬೇಡ. ಒಂದಡಿ ಅಗಲ, ಒಂದಡಿ ಎತ್ತರ, ಒಂದೂಕಾಲು ಅಡಿ ಉದ್ದದ ಗಟ್ಟಿ ರಟ್ಟಿನ ಡಬ್ಬ ತಂದು, ಪೂರ್ತಿ ತುಂಬಿಸದೆ 15 ಕೆ.ಜಿ.ಗೆ ನಿಲ್ಲಿಸಿ, ಉಳಿದ ಜಾಗಕ್ಕೆ ಹಳೆ ಬಟ್ಟೆ ತುರುಕಿ. ಅದಕ್ಕಿಂತ ಭಾರವಾದರೆ ಎತ್ತುವವರು ಬೀಳಿಸುತ್ತಾರೆ, ತಳ ಬಿಚ್ಚುತ್ತದೆ. ಪುಸ್ತಕ ಮಲಗಿಸಿ ಇಡಿ, ನಿಲ್ಲಿಸುವುದಾದರೆ ಬೆನ್ನು ಕೆಳಗೆ. ಬೆನ್ನು ಮೇಲೆ ಮಾಡಿ ಪುಟದ ಕಡೆ ಕೆಳಗಿಟ್ಟರೆ ದಾರಿಯ ಕುಲುಕಾಟಕ್ಕೆ ಪುಟಗಳ ಕಂತೆಯೇ ರಟ್ಟಿನಿಂದ ಕಳಚುತ್ತದೆ. ಡಬ್ಬದ ಸಂಖ್ಯೆಯನ್ನು ಎರಡು ಪಕ್ಕಕ್ಕೆ ಬರೆಯಿರಿ, ಮುಚ್ಚಳದ ಮೇಲಲ್ಲ. ಒಂದರ ಮೇಲೊಂದು ಪೇರಿಸಿದಾಗ ಮುಚ್ಚಳ ಕಾಣುವುದಿಲ್ಲ. ಹೊಸ ಮನೆಯಲ್ಲಿ ಸುಣ್ಣಬಣ್ಣದ ಹಸಿ ಆರುವವರೆಗೆ ಡಬ್ಬಗಳು ಮುಚ್ಚಿಯೇ ಇರಲಿ, ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿ.